ಸುತ್ತಿಗೆಯಲ್ಲಿ ಹೊಡೆದ ಬೆಳ್ಳಿ ನಾಣ್ಯಗಳು: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಹಣದ ಚರಿತ್ರೆ

ಹಳೆಯ ಮನೆಗಳ ದೇವರ ಪೆಟ್ಟಿಗೆಯಲ್ಲಿ, ಬಸದಿಗಳ ಭಂಡಾರದಲ್ಲಿ ಅಂಚು ಸೊಟ್ಟಗಿರುವ, ಅರ್ಧ ಅಕ್ಷರ ಮಾತ್ರ ಕಾಣುವ ದಪ್ಪ ಬೆಳ್ಳಿ ಬಿಲ್ಲೆಗಳು ಇರುವುದುಂಟು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಹೊರಗೆ ಬಂದು ಮತ್ತೆ ಪೆಟ್ಟಿಗೆ ಸೇರುವ ಈ ನಾಣ್ಯಗಳನ್ನು ಯಾರೂ ಓದಿರುವುದಿಲ್ಲ. ಬೆಳ್ಳಿಯ ಬೆಲೆ ಏರಿದಾಗ, ಅಥವಾ ಬಸದಿಗೆ ಹೊಸ ಕಲಶ, ಛತ್ರ, ಪ್ರಭಾವಳಿ ಮಾಡಿಸುವಾಗ "ಹಳೆ ಬೆಳ್ಳಿ" ಎಂಬ ಲೆಕ್ಕದಲ್ಲಿ ಅವು ಮೂಸೆಗೆ ಹೋಗುತ್ತವೆ. ಕರಗಿಸಿದರೆ ಸಿಗುವುದು ಒಂದು ನಾಣ್ಯಕ್ಕೆ ಹೆಚ್ಚೆಂದರೆ ಒಂದು ತೊಲ ಬೆಳ್ಳಿ. ಹೋಗುವುದು ನಾಣ್ಯ ಹೊಡೆದ ಊರು, ವರ್ಷ ಮತ್ತು ಅದು ಯಾರ ಕೈಯಿಂದ ಯಾರ ಕೈಗೆ ನಡೆಯಿತು ಎಂಬುದರ ಸಾಕ್ಷ್ಯ.

ಈ ನಾಣ್ಯಗಳನ್ನು ಹೇಗೆ ತಯಾರಿಸುತ್ತಿದ್ದರು, ಬಳ್ಳಾರಿ ಸೀಮೆಯಲ್ಲಿ ಯಾವ ಯಾವ ಕಾಲದ ಬೆಳ್ಳಿ ನಡೆಯಿತು, ಅವುಗಳ ಮೇಲಿನ ಚಿತ್ರ-ಅಕ್ಷರಗಳ ಅರ್ಥವೇನು, ಜೈನ ಸಮಾಜದ ಚರಿತ್ರೆಗೂ ಈ ಹಣಕ್ಕೂ ಏನು ಸಂಬಂಧ, ಮನೆಯಲ್ಲಿ ಇಂಥ ನಾಣ್ಯವಿದ್ದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಕೊಡಲಾಗಿದೆ.

ನಾಣ್ಯ ಹೊಡೆಯುವ ಬಗೆ

ಯಂತ್ರಗಳು ಬರುವ ಮೊದಲು ಟಂಕಸಾಲೆಯ ಕೆಲಸವೆಲ್ಲ ಕೈಯಿಂದಲೇ ನಡೆಯುತ್ತಿತ್ತು. ಹಳಗನ್ನಡದಲ್ಲಿ ಟಂಕಸಾಲೆಗೆ "ಕಮ್ಮಟ" ಎಂಬ ಹೆಸರಿದೆ. ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ ಶುದ್ಧಿ ಮಾಡಿ, ಸರಳಾಗಿ ಎರೆದು, ಉಳಿಯಿಂದ ತುಂಡು ಮಾಡುತ್ತಿದ್ದರು. ಪ್ರತಿ ತುಂಡನ್ನೂ ತೂಗಿ, ಹೆಚ್ಚಾದರೆ ಅಂಚು ಕತ್ತರಿಸಿ, ಬಡಿದು ಬಿಲ್ಲೆ ಮಾಡುತ್ತಿದ್ದರು.

ಅಚ್ಚುಗಳು ಎರಡು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿಯಬೇಕು. ಎರಡರಲ್ಲೂ ಚಿತ್ರ ಮತ್ತು ಅಕ್ಷರಗಳನ್ನು ತಿರುವುಮುರುವಾಗಿ ಕೊರೆದಿರುತ್ತಾರೆ. ಬಿಲ್ಲೆಯನ್ನು ನಡುವೆ ಇಟ್ಟು ಮೇಲಿನಿಂದ ಸುತ್ತಿಗೆಯ ಏಟು ಹಾಕಿದರೆ ಎರಡೂ ಮುಖ ಒಮ್ಮೆಗೇ ಮೂಡುತ್ತವೆ. ಈ ಬಗೆಯಿಂದಾಗಿ ಕೆಲವು ಗುರುತುಗಳು ಇಂಥ ನಾಣ್ಯಗಳಲ್ಲಿ ಉಳಿಯುತ್ತವೆ:

• ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದಾಗ ಚಿತ್ರದ ಒಂದು ಭಾಗ ಮಾತ್ರ ನಾಣ್ಯದ ಮೇಲೆ ಬೀಳುತ್ತದೆ. ಅರ್ಧ ಅಕ್ಷರ ಕಾಣುವುದು ಸವೆತದಿಂದಲೇ ಆಗಿರಬೇಕಿಲ್ಲ.
• ಏಟು ವಾಲಿದರೆ ಒಂದು ಕಡೆ ಆಳವಾಗಿ, ಇನ್ನೊಂದು ಕಡೆ ತೆಳುವಾಗಿ ಮೂಡುತ್ತದೆ.
• ಏಟಿನ ಬಿರುಸಿಗೆ ಅಂಚಿನಲ್ಲಿ ಸಣ್ಣ ಬಿರುಕುಗಳು ಬರುತ್ತವೆ.
• ಒಂದೇ ಟಂಕಸಾಲೆಯ, ಒಂದೇ ವರ್ಷದ ಎರಡು ನಾಣ್ಯಗಳು ಕೂಡ ಪೂರ್ತಿ ಒಂದೇ ರೀತಿ ಇರುವುದಿಲ್ಲ.

ಇದಕ್ಕಿಂತ ಹಿಂದಿನ ಪದ್ಧತಿ ಬೇರೆ. ಕಲ್ಯಾಣ ಚಾಲುಕ್ಯರ ಮತ್ತು ಸೇವುಣರ ಚಿನ್ನದ ಪದ್ಮಟಂಕಗಳಲ್ಲಿ ಒಂದೊಂದು ಚಿಹ್ನೆಗೂ ಬೇರೆ ಬೇರೆ ಮುದ್ರೆ. ನಡುವೆ ಕಮಲ, ಸುತ್ತ ಸಿಂಹ, ಶ್ರೀಕಾರ, ರಾಜನ ಬಿರುದು ಹೀಗೆ ಒಂದೇ ಮುಖದ ಮೇಲೆ ಮುದ್ರೆಗಳನ್ನು ಒತ್ತುತ್ತಿದ್ದರು. ಏಟು ಬಿದ್ದಂತೆಲ್ಲ ಬಿಲ್ಲೆ ಬಟ್ಟಲಿನಂತೆ ಬಾಗುತ್ತಿತ್ತು.

ನದಿಯ ಎರಡು ದಡ, ಎರಡು ಬಗೆಯ ಹಣ

ಸಿರುಗುಪ್ಪ ತಾಲೂಕು ತುಂಗಭದ್ರೆಯ ದಕ್ಷಿಣಕ್ಕಿದೆ. ನದಿ ದಾಟಿದರೆ ರಾಯಚೂರು ಜಿಲ್ಲೆಯ ಸಿಂಧನೂರು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ವಿಜಯನಗರ ಮತ್ತು ಬಹಮನಿ ರಾಜ್ಯಗಳು ತಲೆಮಾರುಗಳ ಕಾಲ ಹೋರಾಡಿದವು. ಹಣದ ವಿಷಯದಲ್ಲೂ ಈ ನದಿಯೇ ಗಡಿಯಂತಿತ್ತು.

ದಕ್ಷಿಣ ದಡದ ಮುಖ್ಯ ಹಣ ಚಿನ್ನ. ಗದ್ಯಾಣ ಅಥವಾ ವರಾಹ, ಅದರ ಕೆಳಗೆ ಹಣ, ಹಾಗ, ವೀಸ. ಅದರ ಮೇಲೆ ದೇವರ ಮೂರ್ತಿ, ಹಿಂಬದಿಯಲ್ಲಿ ರಾಜನ ಹೆಸರು. ಉತ್ತರ ದಡದಲ್ಲಿ ದೊಡ್ಡ ವ್ಯವಹಾರದ ಮುಖ್ಯ ನಾಣ್ಯ ಬೆಳ್ಳಿಯ ಟಂಕ. ಅದರ ಮೇಲೆ ಮೂರ್ತಿಯಿಲ್ಲ, ಎರಡೂ ಮುಖದಲ್ಲಿ ಅರಬ್ಬಿ ಅಕ್ಷರಗಳು ಮಾತ್ರ. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಈ ಎರಡರ ಅಂಚಿನಲ್ಲಿದ್ದವು. ಆದ್ದರಿಂದ ಈ ಸೀಮೆಯ ಬೆಳ್ಳಿ ನಾಣ್ಯಗಳ ಚರಿತ್ರೆ ಒಂದು ರಾಜವಂಶದ ಚರಿತ್ರೆಯಲ್ಲ. ಒಂದರ ಮೇಲೊಂದು ಬಂದ ಪದರಗಳ ಚರಿತ್ರೆ.

ಬಸದಿಗಳ ಲೆಕ್ಕದಲ್ಲಿ ಹೊನ್ನು ಮತ್ತು ಹಣ

ಬೆಳ್ಳಿ ಬರುವ ಮೊದಲಿನ ಲೆಕ್ಕ ನಮ್ಮ ಶಾಸನಗಳಲ್ಲೇ ಇದೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ "ಲೊಕ್ಕಿ ಗದ್ಯಾಣ" ಎಂಬ ಮಾತು ಬರುತ್ತದೆ. ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯಲ್ಲಿ ಹೊಡೆದ ಹೊನ್ನು ಅದು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಊರೇ ಇದು.

ಕುರುಗೋಡು ಚಾಲುಕ್ಯರ ಸಾಮಂತರಾಗಿದ್ದ ಸಿಂದರ ರಾಜಧಾನಿ. ಅಲ್ಲಿನ ಜಿನಾಲಯಕ್ಕೆ ವಿಜಯನಗರದ ಸದಾಶಿವರಾಯನ ಕಾಲದಲ್ಲಿ, 1545ರಲ್ಲಿಯೂ ಭೂಮಿಯ ದತ್ತಿ ದೊರೆತದ್ದನ್ನು ಶಾಸನ ಹೇಳುತ್ತದೆ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಕೋಗಳಿಯಲ್ಲಿ ಹೊಯ್ಸಳ ವೀರ ರಾಮನಾಥನ ಕಾಲದ, 1275-76ರ ಶಾಸನಗಳಿವೆ. ಚೆನ್ನ ಪಾರ್ಶ್ವನಾಥ ಸ್ವಾಮಿಗೆ ಸಂದ ಹೊನ್ನಿನ ದಾನಗಳನ್ನು ಅವು ದಾಖಲಿಸುತ್ತವೆ.

ನಾಣ್ಯದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಎದ್ದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ರಾಜನಲ್ಲಿ ಮೊರೆ ಹೋದರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ರಾಜ ತೀರ್ಪು ಕೊಟ್ಟು, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದ. ಶ್ರವಣಬೆಳಗೊಳದ ಭಂಡಾರಿ ಬಸದಿಯ ಶಾಸನದಲ್ಲಿ ಈ ವಿವರವಿದೆ. ಅದೇ ಶಾಸನದಲ್ಲಿ ಹಣದ ಏರ್ಪಾಡೂ ಇದೆ. ರಾಜ್ಯದ ಜೈನರು ವರ್ಷಕ್ಕೆ ಮನೆಬಾಗಿಲಿಗೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯ ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಜನ ಕಾವಲುಗಾರರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಧರ್ಮ ನಡೆಯಲು ಮುಂದಾದ ಕಲ್ಲೇಹದ ಬುಸುವಿಸೆಟ್ಟಿಗೆ ಎರಡೂ ಸಮಯದವರು ಸೇರಿ ಸಂಘನಾಯಕ ಪಟ್ಟ ಕಟ್ಟಿದರು.

ಇಲ್ಲಿ "ಹಣ" ಎಂದರೆ ಇಂದಿನ ಅರ್ಥದ ದುಡ್ಡಲ್ಲ. ಅದು ಒಂದು ನಿರ್ದಿಷ್ಟ ನಾಣ್ಯದ ಹೆಸರು. ಅರ್ಧ ಗ್ರಾಮಿಗಿಂತ ಕಡಿಮೆ ತೂಗುವ, ಕಡಲೆಬೇಳೆಗಿಂತ ತೆಳುವಾದ ಚಿನ್ನದ ಚೂರು. ನಾಣ್ಯದ ಹೆಸರೇ ಮುಂದೆ ಎಲ್ಲ ಬಗೆಯ ದುಡ್ಡಿನ ಹೆಸರಾಯಿತು.

ತಾರ: ವಿಜಯನಗರದ ಬೆಳ್ಳಿ

ವಿಜಯನಗರದಲ್ಲಿ ಬೆಳ್ಳಿ ಇರಲಿಲ್ಲವೆಂದಲ್ಲ. ಅದು ಚಿಲ್ಲರೆಯಾಗಿತ್ತು. ಹೆರಾತಿನ ದೊರೆ ಶಾಹರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಇಲ್ಲಿನ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಅದರಂತೆ:

• ವರಾಹ: ಚಿನ್ನ, ಎಲ್ಲಕ್ಕಿಂತ ದೊಡ್ಡದು
• ಪ್ರತಾಪ: ಚಿನ್ನ, ವರಾಹದ ಅರ್ಧ
• ಹಣ: ಚಿನ್ನ, ಪ್ರತಾಪದ ಹತ್ತನೇ ಒಂದು
• ತಾರ: ಬೆಳ್ಳಿ, ಹಣದ ಆರನೇ ಒಂದು
• ಜಿತಲ್: ತಾಮ್ರ, ತಾರದ ಮೂರನೇ ಒಂದು

ಈ ಲೆಕ್ಕದಲ್ಲಿ ಒಂದು ವರಾಹಕ್ಕೆ 20 ಹಣ, 120 ತಾರ, 360 ಜಿತಲ್. ಶಾಸನಗಳಲ್ಲಿ ಗದ್ಯಾಣಕ್ಕೆ ಹತ್ತು ಹಣದ ಲೆಕ್ಕವೂ ಸಾಮಾನ್ಯ. ಊರು ಮತ್ತು ಕಾಲ ಬದಲಾದಂತೆ ದರ ಬದಲಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಹಣ ಎಂದೂ, ಪ್ರಾಂತಗಳಿಂದ ಚಿನ್ನ ಟಂಕಸಾಲೆಗೆ ಬಂದು ಸೇರುತ್ತಿತ್ತು ಎಂದೂ ಆತ ಹೇಳುತ್ತಾನೆ.

ಆಗ ಸಿಂಹಾಸನದಲ್ಲಿದ್ದವನು ಎರಡನೇ ದೇವರಾಯ. ಹಂಪಿಯ ಪಾನ್ ಸುಪಾರಿ ಬಜಾರಿನಲ್ಲಿ 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯ ಕಟ್ಟಿಸಿದ ರಾಜನೂ ಇವನೇ. ಅದಕ್ಕೂ ಮೊದಲು ಎರಡನೇ ಹರಿಹರನ ದಂಡನಾಥ ಇರುಗಪ್ಪ ಕುಂಥುನಾಥ ಜಿನಾಲಯವನ್ನು 1386ರಲ್ಲಿ ಕಟ್ಟಿಸಿದ್ದ. ಜನ ಅದನ್ನು ಗಾಣಗಿತ್ತಿ ಗುಡಿ ಎನ್ನುತ್ತಾರೆ.

ವಿಜಯನಗರದ ನಾಣ್ಯಗಳ ಚಿತ್ರಗಳು ರಾಜನ ಜೊತೆಗೆ ಬದಲಾಗುತ್ತ ಹೋದವು. ಮೊದಲ ಅರಸರಲ್ಲಿ ಹನುಮಂತ ಮತ್ತು ಗರುಡ. ಎರಡನೇ ಹರಿಹರನಲ್ಲಿ ಉಮಾಮಹೇಶ್ವರ, ಲಕ್ಷ್ಮೀನಾರಾಯಣ. ದೇವರಾಯನ ತಾಮ್ರದ ನಾಣ್ಯಗಳಲ್ಲಿ ಆನೆ. ಕೃಷ್ಣದೇವರಾಯನಲ್ಲಿ ಬಾಲಕೃಷ್ಣ. ಅಚ್ಯುತರಾಯನಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡ. ಹಿಂಬದಿಯಲ್ಲಿ ಹೆಚ್ಚಾಗಿ ನಾಗರಿ ಲಿಪಿಯಲ್ಲಿ ರಾಜನ ಹೆಸರು, ಅದರ ಮೊದಲು "ಶ್ರೀ ಪ್ರತಾಪ" ಎಂಬ ಬಿರುದು. ತಾರ ಗುಲಗಂಜಿಯ ಲೆಕ್ಕದಲ್ಲಿ ತೂಗುವ ಸಣ್ಣ ನಾಣ್ಯ. ಸುಲಭವಾಗಿ ಕಳೆದುಹೋಗುತ್ತದೆ, ಸುಲಭವಾಗಿ ಕರಗುತ್ತದೆ. ಹಾಗಾಗಿ ವರಾಹಕ್ಕಿಂತ ತಾರ ಅಪರೂಪ. ಹಳೆಯ ಆಭರಣಗಳ ಜೊತೆ ಮುರಿದ ಗೆಜ್ಜೆಯ ಚೂರಿನಂತೆ ಕಾಣುವ ಗುಂಡಗಿನ ಬೆಳ್ಳಿ ತುಣುಕಿದ್ದರೆ, ಅದರ ಮೇಲೆ ಗೆರೆಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು.

ಟಂಕ: ನದಿಯಾಚೆಯ ಬೆಳ್ಳಿ

1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪಿಸಿದ ಅಲಾವುದ್ದೀನ್ ಹಸನ್ ದೆಹಲಿಯ ಮಾದರಿಯಲ್ಲೇ ಬೆಳ್ಳಿಯ ಟಂಕ ಹೊಡೆಸಿದ. ತೂಕ ಸುಮಾರು 11 ಗ್ರಾಂ. ಅದರ ಮೇಲೆ ಸುಲ್ತಾನನ ಬಿರುದುಗಳು, ಟಂಕಸಾಲೆಯ ಊರು, ಹಿಜರಿ ವರ್ಷ. ತಾನು "ಎರಡನೇ ಅಲೆಕ್ಸಾಂಡರ್" ಎಂಬ ಬಿರುದನ್ನೂ ಆತ ನಾಣ್ಯದ ಮೇಲೆ ಹಾಕಿಸಿಕೊಂಡ. ಕಲಬುರಗಿಗೆ ಅಹಸನಾಬಾದ್, ಬೀದರಿಗೆ ಮುಹಮ್ಮದಾಬಾದ್ ಎಂಬ ಹೆಸರುಗಳು ಈ ನಾಣ್ಯಗಳಲ್ಲಿವೆ.

ಬಿಜಾಪುರದಲ್ಲಿ ಕುಳಿತು ದಖ್ಖನಿನ ಚರಿತ್ರೆ ಬರೆದ ಫೆರಿಷ್ಟಾ ಒಂದು ವಿಷಯ ಹೇಳುತ್ತಾನೆ. ದಖ್ಖನಿನ ಚಿನಿವಾರರು ವಿಜಯನಗರ ಮತ್ತು ತೆಲಂಗಾಣದ ರಾಯರ ಪ್ರೇರಣೆಯಿಂದ ಬಹಮನಿ ನಾಣ್ಯಗಳನ್ನು ಸಿಕ್ಕಲ್ಲೆಲ್ಲ ಕರಗಿಸುತ್ತಿದ್ದರಂತೆ. ಹಿಂದೂ ರಾಜರ ಹೊನ್ನು ಮಾತ್ರ ನಡೆಯಲಿ ಎಂಬುದು ಉದ್ದೇಶ. ಒಂದನೇ ಮುಹಮ್ಮದ್ ಷಾ ಇದಕ್ಕೆ ಮರಣದಂಡನೆಯನ್ನೇ ವಿಧಿಸಿದ ಎಂದು ಆತನ ಬರಹ. ನಾಣ್ಯ ಕರಗಿಸುವುದು ಆಗ ರಾಜಕೀಯದ ಕೆಲಸವಾಗಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ತನ್ನ ಹೆಸರಿನ ನಾಣ್ಯ ನಡೆಯುವಷ್ಟು ದೂರ ತನ್ನ ಆಳ್ವಿಕೆ ಎಂದು ಅರಸರು ಎಣಿಸುತ್ತಿದ್ದರು.

ಲಾರಿ ಮತ್ತು ರೂಪಾಯಿ

1565ರ ಯುದ್ಧದ ನಂತರ ಬಳ್ಳಾರಿಯ ನಾಯಕರು ಬಿಜಾಪುರದ ಅಧೀನಕ್ಕೆ ಬಂದರು. ಬಿಜಾಪುರದ ಎರಡನೇ ಅಲಿ ಆದಿಲ್ ಷಾ ವಿಚಿತ್ರವಾದ ಒಂದು ಬೆಳ್ಳಿ ನಾಣ್ಯ ಹೊಡೆಸಿದ. ಅದರ ಹೆಸರು ಲಾರಿ. ದಪ್ಪ ಬೆಳ್ಳಿ ತಂತಿಯನ್ನು ಮಧ್ಯಕ್ಕೆ ಮಡಿಸಿ, ಸುತ್ತಿಗೆಯಿಂದ ಚಪ್ಪಟೆ ಮಾಡಿ ಮುದ್ರೆ ಒತ್ತಿದ್ದು. ಕೂದಲಿನ ಪಿನ್ನಿನಂತೆ ಕಾಣುವುದರಿಂದ ಇದನ್ನು ನಾಣ್ಯವೆಂದು ಯಾರೂ ಊಹಿಸುವುದಿಲ್ಲ. ಪರ್ಷಿಯಾ ಕೊಲ್ಲಿಯ ಕಡಲ ವ್ಯಾಪಾರದಲ್ಲಿ ಇಂಥ ತಂತಿ ನಾಣ್ಯ ಮೊದಲೇ ರೂಢಿಯಲ್ಲಿತ್ತು.

1688ರಲ್ಲಿ ಔರಂಗಜೇಬನ ಸೇನೆ ಆದೋನಿ ಕೋಟೆಯನ್ನು ವಶಪಡಿಸಿಕೊಂಡಿತು. ಸಿರುಗುಪ್ಪಕ್ಕೆ ಹತ್ತಿರದ ಈ ಊರು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಮೊಗಲರು ಅದಕ್ಕೆ ಇಮ್ತಿಯಾಜ್‌ಗಡ ಎಂದು ಹೆಸರಿಟ್ಟು ಅಲ್ಲಿ ಟಂಕಸಾಲೆ ನಡೆಸಿದರು. ಹೀಗೆ ಬೆಳ್ಳಿ ರೂಪಾಯಿ ಬಳ್ಳಾರಿ ಸೀಮೆಯ ಬಾಗಿಲಿಗೇ ಬಂತು.

ಮೊಗಲ್ ರೂಪಾಯಿಯ ತೂಕ ಸುಮಾರು 11.5 ಗ್ರಾಂ. ಔರಂಗಜೇಬನ ರೂಪಾಯಿಯ ಮುಂಬದಿಯಲ್ಲಿ ಪರ್ಷಿಯನ್ ದ್ವಿಪದಿ ಇದೆ. ಬೆಳ್ಳಿ ನಾಣ್ಯವನ್ನು ಅದು ಹುಣ್ಣಿಮೆಯ ಚಂದ್ರನಿಗೆ ಹೋಲಿಸುತ್ತದೆ. ಚಿನ್ನದ ನಾಣ್ಯದಲ್ಲಿ ಚಂದ್ರನ ಬದಲು ಸೂರ್ಯ. ಹಿಂಬದಿಯಲ್ಲಿ ಆಳ್ವಿಕೆಯ ಎಷ್ಟನೇ ವರ್ಷ ಎಂಬುದೂ ಟಂಕಸಾಲೆಯ ಊರೂ ಇರುತ್ತವೆ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಊರಿನ ಹೆಸರು ಕೆಳ ಅಂಚಿನಲ್ಲಿ ಬರುವುದರಿಂದ ಅದೇ ಮೊದಲು ತಪ್ಪಿಹೋಗುತ್ತದೆ. ಊರಿನ ಹೆಸರು ಪೂರ್ತಿ ಉಳಿದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ.

ರೂಪಾಯಿಯ ಮೇಲೆ ಹೂವು, ನಕ್ಷತ್ರ, ಚುಕ್ಕೆಯಂಥ ಪುಟ್ಟ ಒತ್ತು ಗುರುತುಗಳು ಇದ್ದರೆ ಅವು ಸರಾಫರ ಮುದ್ರೆಗಳು. ನಾಣ್ಯವನ್ನು ಒರೆಗೆ ಹಚ್ಚಿ, ಬೆಳ್ಳಿ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ತಮ್ಮ ಗುರುತು ಒತ್ತುತ್ತಿದ್ದರು. ಹಳೆಯದಾದ ರೂಪಾಯಿಗೆ ವಟ್ಟ ಕಳೆದು ಬೆಲೆ ಕಟ್ಟುವ ಪದ್ಧತಿಯೂ ಇತ್ತು. ಈ ಮುದ್ರೆಗಳಿಂದ ನಾಣ್ಯ ಕೆಟ್ಟಿತೆಂದು ಹಲವರು ಭಾವಿಸುತ್ತಾರೆ. ಆದರೆ ಆ ನಾಣ್ಯ ಪೇಟೆಯಲ್ಲಿ ನಿಜವಾಗಿ ಓಡಾಡಿತು ಎಂಬುದಕ್ಕೆ ಅವೇ ರುಜು.

ಟಿಪ್ಪುವಿನಿಂದ ಕಂಪನಿಯವರೆಗೆ

ಹದಿನೆಂಟನೇ ಶತಮಾನದ ಕೊನೆಯಲ್ಲಿ ಬಳ್ಳಾರಿ ಹೈದರಾಲಿ, ಟಿಪ್ಪು ಸುಲ್ತಾನರ ಕೈಯಲ್ಲಿತ್ತು. 1792ರಲ್ಲಿ ನಿಜಾಮನಿಗೂ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ಹೋಯಿತು. ಟಿಪ್ಪು ತನ್ನ ಬೆಳ್ಳಿ ನಾಣ್ಯಗಳಿಗೆ ಒಂದೊಂದು ಹೆಸರಿಟ್ಟ. ಎರಡು ರೂಪಾಯಿಗೆ ಹೈದರಿ, ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ, ಎರಡಾಣೆಗೆ ಜಾಫರಿ, ಒಂದಾಣೆಗೆ ಕಾಜಿಮಿ, ಅರ್ಧಾಣೆಗೆ ಖಿಜ್ರಿ. ಆಳ್ವಿಕೆಯ ನಡುವೆ ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಶಕವನ್ನೂ ತಂದ. ಆ ನಾಣ್ಯಗಳಲ್ಲಿ ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. 5121 ಎಂದು ಕಂಡರೆ ಅದು 1215.

1818ರಲ್ಲಿ ಮದ್ರಾಸ್ ಪ್ರಾಂತದಲ್ಲಿ ವರಾಹದ ಸ್ಥಾನಕ್ಕೆ ಬೆಳ್ಳಿ ರೂಪಾಯಿ ಬಂತು. ಒಂದು ವರಾಹಕ್ಕೆ ಮೂರೂವರೆ ರೂಪಾಯಿ ಎಂದು ದರ ನಿಗದಿಯಾಯಿತು. ತುಂಗಭದ್ರೆಯ ದಕ್ಷಿಣದಲ್ಲಿ ಶತಮಾನಗಳಿಂದ ನಡೆದ ಚಿನ್ನದ ಲೆಕ್ಕ ಬಳ್ಳಾರಿಯಲ್ಲಿ ಮುಗಿದದ್ದು ಹೀಗೆ. 1835ರಲ್ಲಿ ಕಂಪನಿಯ ಎಲ್ಲ ಪ್ರಾಂತಗಳಿಗೂ ಒಂದೇ ರೂಪಾಯಿ ಬಂತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಸರಾಫಿ ಅಂಗಡಿಗಳಲ್ಲಿ "ಒಂದು ರೂಪಾಯಿ ತೂಕ" ಎಂದರೆ ಒಂದು ತೊಲ ಎಂಬ ಮಾತು ಉಳಿದಿರುವುದು ಇದರಿಂದಲೇ. ವಿಲಿಯಂ, ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಮುಖವಿರುವ, ಪೂರ್ತಿ ದುಂಡಗಿರುವ ರೂಪಾಯಿಗಳೆಲ್ಲ ಯಂತ್ರದಲ್ಲಿ ಆದವು. ಅವು ಹಳೆಯವು ಹೌದು, ಸುತ್ತಿಗೆಯ ನಾಣ್ಯಗಳಲ್ಲ.

ನಾಣ್ಯಶಾಸ್ತ್ರಕ್ಕೆ ಜೈನರ ಕೊಡುಗೆ

ನಾಣ್ಯಗಳ ಬಗೆಗೆ ಮಧ್ಯಕಾಲದ ಭಾರತದಲ್ಲಿ ಬರೆದ ಅಪರೂಪದ ಗ್ರಂಥ "ದ್ರವ್ಯಪರೀಕ್ಷಾ". ಬರೆದವನು ಠಕ್ಕುರ ಫೇರು ಎಂಬ ಶ್ವೇತಾಂಬರ ಶ್ರಾವಕ. ದೆಹಲಿಯ ಖಿಲ್ಜಿ ಸುಲ್ತಾನರ ಟಂಕಸಾಲೆಯಲ್ಲಿ ಕೆಲಸ ಮಾಡಿದ ಅನುಭವದಿಂದ 1318ರಲ್ಲಿ ಪ್ರಾಕೃತದಲ್ಲಿ ಇದನ್ನು ರಚಿಸಿದ. ಚಿನ್ನ-ಬೆಳ್ಳಿಗಳನ್ನು ಶುದ್ಧಿ ಮಾಡುವ ಕ್ರಮ, ಬೇರೆ ಬೇರೆ ರಾಜ್ಯಗಳ ನಾಣ್ಯಗಳ ಹೆಸರು, ತೂಕ, ಅವುಗಳಲ್ಲಿರುವ ಶುದ್ಧ ಲೋಹ, ದೆಹಲಿಯಲ್ಲಿ ಅವುಗಳ ಬೆಲೆ ಇಷ್ಟನ್ನೂ ಅದು ಕೊಡುತ್ತದೆ. ಇದರ ಹಸ್ತಪ್ರತಿ ಕೋಲ್ಕತ್ತದಲ್ಲಿ ದೊರೆತು, ವಿದ್ವಾಂಸರಾದ ಅಗರಚಂದ್ ನಾಹಟಾ ಮತ್ತು ಭಂವರಲಾಲ್ ನಾಹಟಾ ಅವರಿಂದ ಬೆಳಕಿಗೆ ಬಂತು.

ನಮ್ಮ ನಾಡಿನಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು "ಗಣಿತಸಾರಸಂಗ್ರಹ"ದಲ್ಲಿ ಬೇರೆ ಬೇರೆ ಮಟ್ಟದ ಚಿನ್ನ ಬೆರೆತಾಗ ಬರುವ ಬಣ್ಣದ ಲೆಕ್ಕಗಳನ್ನು ಬಿಡಿಸಿದ್ದಾರೆ. ಹನ್ನೆರಡನೇ ಶತಮಾನದ ಜೈನ ಕವಿ ರಾಜಾದಿತ್ಯ "ವ್ಯವಹಾರಗಣಿತ"ದಲ್ಲಿ ವ್ಯಾಪಾರಕ್ಕೆ ಬೇಕಾದ ಗಣಿತವನ್ನು ಕನ್ನಡದಲ್ಲೇ ಹೇಳಿದ. ಅಪರಿಗ್ರಹವನ್ನು ವ್ರತವಾಗಿ ಹಿಡಿದ ಸಮಾಜ ಲೆಕ್ಕವನ್ನು ಹಗುರವಾಗಿ ಕಾಣಲಿಲ್ಲ.

ತೀರ್ಥಂಕರರ ಮೂರ್ತಿಯಿರುವ "ಪ್ರಾಚೀನ" ನಾಣ್ಯ ಸಿಕ್ಕಿತು ಎಂದು ಮಾರಲು ಬರುವವರ ಬಗೆಗೆ ಎಚ್ಚರ ಬೇಕು. ಕರ್ನಾಟಕದ ಮಧ್ಯಕಾಲದ ಚಲಾವಣೆಯ ನಾಣ್ಯಗಳೆಂದು ಗ್ರಂಥಗಳಲ್ಲಿ ಪಟ್ಟಿಯಾಗಿರುವವುಗಳಲ್ಲಿ ಜಿನಬಿಂಬ ಕಾಣುವುದಿಲ್ಲ. ಜೈನಧರ್ಮಕ್ಕೆ ಆಶ್ರಯ ಕೊಟ್ಟ ಗಂಗರದ್ದೆಂದು ಹೇಳುವ ನಾಣ್ಯಗಳಲ್ಲಿ ಇರುವುದು ಆನೆ. ಹೊಯ್ಸಳ ವಿಷ್ಣುವರ್ಧನನ ಹೊನ್ನಿನ ಮೇಲೆ ಸಿಂಹ ಮತ್ತು "ಶ್ರೀ ತಲಕಾಡುಗೊಂಡ" ಎಂಬ ಕನ್ನಡ ಬರಹ. ತೀರ್ಥಂಕರರ, ಸಿದ್ಧಚಕ್ರದ ಚಿತ್ರವಿರುವ ಬೆಳ್ಳಿ ಬಿಲ್ಲೆಗಳು ಪೂಜೆಗಾಗಿ, ಸ್ಮರಣೆಗಾಗಿ ಈಚೆಗೆ ಮಾಡಿದವು. ರಾಮ ಪಟ್ಟಾಭಿಷೇಕದ "ರಾಮಟಂಕ"ಗಳೂ ಇದೇ ಬಗೆಯವು. ಭಕ್ತಿಯ ಬೆಲೆ ಅವುಗಳಿಗಿದೆ, ಪ್ರಾಚೀನತೆಯ ಬೆಲೆ ಇಲ್ಲ. ಸರ್ಕಾರವೇ ಹೊರಡಿಸಿದ ನಾಣ್ಯ ಬೇಕಿದ್ದರೆ ಭಗವಾನ್ ಮಹಾವೀರರ 2600ನೇ ಜನ್ಮಕಲ್ಯಾಣಕದ ಸ್ಮರಣಾರ್ಥ 2001ರಲ್ಲಿ ಬಂದ ನಾಣ್ಯಗಳಿವೆ.

ಮನೆಯಲ್ಲೇ ಗುರುತಿಸುವುದು ಹೇಗೆ?

ಅಂಚು ನೋಡಿ. ಒಂದೇ ಸಮನಾದ ಹಲ್ಲು ಗೆರೆಗಳಿದ್ದರೆ ಅದು ಯಂತ್ರದ ನಾಣ್ಯ. ಅಂಚಿನ ಸುತ್ತ ಉದ್ದಕ್ಕೆ ಸಣ್ಣ ಏಣು ಇದ್ದರೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳಿದ್ದರೆ ಎರಕ ಹೊಯ್ದ ನಕಲಿ ಇರಬಹುದು.

ಲಿಪಿ ನೋಡಿ. ನಾಗರಿ ಅಥವಾ ಕನ್ನಡ ಅಕ್ಷರ ಮತ್ತು ಮೂರ್ತಿ ಇದ್ದರೆ ದಕ್ಷಿಣ ದಡದ ಪರಂಪರೆ. ಅರಬ್ಬಿ-ಪರ್ಷಿಯನ್ ಅಕ್ಷರಗಳಿದ್ದರೆ ಟಂಕ, ರೂಪಾಯಿ ಪರಂಪರೆ.

ವರ್ಷ ಹುಡುಕಿ. ಅರಬ್ಬಿ ಅಂಕೆಯಲ್ಲಿ ಒಂದು ಎಂದರೆ ನೇರ ಗೀಟು, ಸೊನ್ನೆ ಎಂದರೆ ಚುಕ್ಕೆ. ಎರಡು ಗೀಟು, ಎರಡು ಚುಕ್ಕೆ ಇದ್ದರೆ ಹಿಜರಿ 1100. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಸುಮಾರಾಗಿ ಸಿಗುತ್ತದೆ. ಹಿಜರಿ 1100 ಎಂದರೆ 1688-89.

ನೀರಿನಲ್ಲಿ ತೂಗಿ. ಶುದ್ಧ ಬೆಳ್ಳಿ ನೀರಿಗಿಂತ ಸುಮಾರು 10.5 ಪಟ್ಟು ಭಾರ. 11.4 ಗ್ರಾಮಿನ ನಾಣ್ಯವನ್ನು ದಾರದಲ್ಲಿ ಕಟ್ಟಿ ಶುದ್ಧ ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 1.1 ಗ್ರಾಂ ಕಡಿಮೆ ಬರಬೇಕು. 1.3 ಗ್ರಾಂ ಹತ್ತಿರ ಕಡಿಮೆಯಾದರೆ ತಾಮ್ರ-ನಿಕ್ಕಲ್‌ನಂಥ ಬಿಳಿ ಲೋಹವೆಂದು ಸಂದೇಹ ಪಡಬೇಕು. ಉಜ್ಜದೆ, ಕತ್ತರಿಸದೆ ಮಾಡುವ ಪರೀಕ್ಷೆ ಇದು. ಸರಾಫಿ ಅಂಗಡಿಯ ತಕ್ಕಡಿ ಸಾಕು.

ಕುಟುಂಬಗಳು ಮತ್ತು ಬಸದಿಗಳು ಮಾಡಬೇಕಾದದ್ದು

1. ತಿಕ್ಕಬೇಡಿ. ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಬೆಳ್ಳಿಯ ಮೇಲಿನ ಕಪ್ಪು ಪದರ ಅಕ್ಷರಗಳನ್ನು ಕಾಪಾಡುತ್ತದೆ. ಅಭಿಷೇಕಕ್ಕೆ, ಪೂಜೆಗೆ ಬೇರೆ ಹೊಸ ನಾಣ್ಯ ಬಳಸಿ.

2. ರಂಧ್ರ ಕೊರೆದು ಸರಕ್ಕೆ ಪೋಣಿಸಬೇಡಿ. ಈಗಾಗಲೇ ಕೊಂಡಿ ಬೆಸೆದಿದ್ದರೆ ಹಾಗೇ ಇರಲಿ, ತೆಗೆಸಲು ಹೋಗಬೇಡಿ.

3. ಒಂದೊಂದನ್ನೂ ಬೇರೆ ಕಾಗದದ ಲಕೋಟೆಯಲ್ಲಿಡಿ. ಅಂಟಂಟಾಗುವ ಮೆದು ಪಿವಿಸಿ ಕವರು ಲೋಹಕ್ಕೆ ಕೆಡುಕು.

4. ಎರಡೂ ಮುಖದ ಫೋಟೋ, ತೂಕ, ಅಳತೆ, ಯಾರಿಂದ ಬಂತು, ಯಾವ ಊರಿನ ಮನೆಯದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಬಸದಿಯ ನಾಣ್ಯಗಳಾದರೆ ಆಡಳಿತ ಮಂಡಳಿಯ ಸ್ಥಿರ ದಾಸ್ತಾನು ಪಟ್ಟಿಯಲ್ಲಿ ಸೇರಿಸಿ. ಮನೆಯ ಹಿರಿಯರನ್ನು ಈಗಲೇ ಕೇಳಿ. ನಾಣ್ಯ ಎಲ್ಲಿಂದ ಬಂತು ಎಂಬುದು ಲೋಹದ ಮೇಲೆ ಬರೆದಿರುವುದಿಲ್ಲ.

5. ಹಳೆ ಬೆಳ್ಳಿ ಕರಗಿಸುವ ಮೊದಲು ನಾಣ್ಯಗಳನ್ನು ಬೇರೆ ಮಾಡಿ, ತಿಳಿದವರಿಗೆ ತೋರಿಸಿ. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳನ್ನು ಪ್ರದರ್ಶನಕ್ಕಿಟ್ಟಿದ್ದಾರೆ, ಹೋಲಿಸಿ ನೋಡಬಹುದು.

6. ಪಾಯ ತೋಡುವಾಗ, ಹೊಲ ಉಳುವಾಗ, ಬಸದಿಯ ಜೀರ್ಣೋದ್ಧಾರದಲ್ಲಿ ನೆಲದಿಂದ ನಾಣ್ಯ ಸಿಕ್ಕರೆ ಅದು ಮನೆಯ ಆಸ್ತಿಯಂತಲ್ಲ. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಂಚಿಕೊಳ್ಳದೆ, ಮಡಕೆಯ ಚೂರನ್ನೂ ಬಿಡದೆ ಒಟ್ಟಿಗೆ ಒಪ್ಪಿಸಿ. ಒಟ್ಟಿಗೆ ಸಿಕ್ಕ ನಾಣ್ಯಗಳಿಂದಲೇ ಅವುಗಳನ್ನು ಹೂತ ಕಾಲ ಗೊತ್ತಾಗುವುದು.

7. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆಯಾಗಿ ಕಳಿಸುವುದೂ ಕಾನೂನಿಗೆ ವಿರುದ್ಧ.

1368ರಲ್ಲಿ ಮನೆಬಾಗಿಲಿಗೆ ಒಂದರಂತೆ ಸಂಗ್ರಹವಾದ ಹಣದಿಂದ ಜಿನಾಲಯಗಳ ಗೋಡೆಗೆ ಸುಣ್ಣ ಬಿತ್ತು, ಗೊಮ್ಮಟನಿಗೆ ಕಾವಲು ದೊರೆಯಿತು. ಆ ಒಪ್ಪಂದ ಕಲ್ಲಿನಲ್ಲಿ ಉಳಿದಿದೆ. ಅದನ್ನು ನಡೆಸಿದ ನಾಣ್ಯಗಳಲ್ಲಿ ಎಷ್ಟೋ ಕರಗಿ ಬೇರೆ ಒಡವೆಗಳಾಗಿವೆ. ಉಳಿದಿರುವ ಕೆಲವನ್ನಾದರೂ ಓದಿ, ಬರೆದಿಟ್ಟು, ಮುಂದಿನವರಿಗೆ ಕೊಡುವುದು ಈಗಿನ ಮನೆಗಳ ಮತ್ತು ಬಸದಿಗಳ ಕೈಯಲ್ಲಿದೆ.